ಅಮೀರ್‌ಪೇಟೆಯ ಆ 'ಟೆಸ್ಟ್' ಬಟನ್: ವೆಬ್ ಪುಟ ಡೇಟಾಬೇಸ್ ಮುಟ್ಟಿದ ಕಥೆ

ಇವತ್ತಿನ ವಿಷಯ ಒಂದು ಬಟನ್. ಡ್ರೀಮ್‌ವೀವರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಡೇಟಾಬೇಸ್ ಕನೆಕ್ಷನ್ ಕೊಡೋ ಪುಟ್ಟ ಕಿಟಕಿ ಇತ್ತಲ್ಲ, ಅದರ ಬಲಗಡೆ 'ಟೆಸ್ಟ್' ಅಂತ ಒಂದು ಬಟನ್ ಇರ್ತಿತ್ತು. ಅದನ್ನ ಒತ್ತಿದಾಗ 'ಕನೆಕ್ಷನ್ ಯಶಸ್ವಿ' ಅಂತ ಬಂದ್ರೆ ಆ ದಿನದ ಕ್ಲಾಸ್ ಮುಗೀತು ಅಂತ ಅರ್ಥ. ಬರದಿದ್ರೆ ರಾತ್ರಿ ಹಾಸ್ಟೆಲ್‌ಗೆ ಹೋದ ಮೇಲೂ ಅದೇ ಚಿಂತೆ. 2002ರಿಂದ ಸುಮಾರು 2012ರ ತನಕ ಹೈದರಾಬಾದ್‌ಗೆ ಬಂದು ವೆಬ್ ಕೆಲಸ ಕಲಿತವರಲ್ಲಿ ಈ ಬಟನ್ ಒತ್ತದವರು ಕಡಿಮೆ. ಈಗಿನ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ. ಹಳೇ ಸಾಫ್ಟ್‌ವೇರ್‌ಗೆ ಇತಿಹಾಸ ಯಾಕೆ ಅಂತ ಕೇಳಬಹುದು. ಆ ಬಟನ್ ಕಟ್ಟಿಕೊಟ್ಟ ನಂಟಿನ ಮೇಲೆ ಬರೆದಿಟ್ಟ ಕನ್ನಡ ಬರಹಗಳು ಇನ್ನೂ ಎಲ್ಲೆಲ್ಲೋ ಸರ್ವರ್‌ಗಳಲ್ಲಿ ಬಿದ್ದಿವೆ, ಒಂದೊಂದಾಗಿ ಹಾಳಾಗ್ತಾ ಇವೆ. ಅದಕ್ಕೇ ಈ ಮಾತು. ಅಲ್ಲಿಗೆ ಆಮೇಲೆ ಬರ್ತೀನಿ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ವೆಬ್ ಹುಟ್ಟಿದಾಗ ಪುಟ ಅಂದ್ರೆ ಒಂದು ಫೈಲ್, ಅಷ್ಟೇ. ಕೇಳಿದವರಿಗೆಲ್ಲ ಅದೇ ಫೈಲ್ ಕೊಡೋದು. ಆಗ ಡೇಟಾಬೇಸ್ ಪ್ರಪಂಚ ಪೂರ್ತಿ ಬೇರೆ. ಒರಾಕಲ್, ಸೈಬೇಸ್ ಇವೆಲ್ಲ ಬ್ಯಾಂಕ್, ಕಾರ್ಖಾನೆ, ಸರ್ಕಾರಿ ಕಚೇರಿಗಳ ಒಳಗೆ ಎಸಿ ರೂಮ್‌ನಲ್ಲಿ ಕೂತಿದ್ದವು. ಇವೆರಡನ್ನ ಸೇರಿಸಿದ ಮೊದಲ ದಾರಿ 1993ರಲ್ಲಿ ಎನ್‌ಸಿಎಸ್‌ಎ ಸರ್ವರ್ ಜೊತೆ ಬಂದ ಸಿಜಿಐ. ಯಾರಾದ್ರೂ ಪುಟ ಕೇಳಿದಾಗ ಸರ್ವರ್ ಫೈಲ್ ಕೊಡೋ ಬದಲು ಒಂದು ಪ್ರೋಗ್ರಾಂ ಓಡಿಸುತ್ತೆ, ಆ ಪ್ರೋಗ್ರಾಂ ಡೇಟಾಬೇಸ್ ಕೇಳಿ ಉತ್ತರವನ್ನ ಎಚ್‌ಟಿಎಂಎಲ್ ಮಾಡಿ ಉಗುಳುತ್ತೆ. ಸರಿಯಾದ ಉಪಾಯವೇ. ಆದ್ರೆ ಪರ್ಲ್ ಅಥವಾ ಸಿ ಗೊತ್ತಿರಬೇಕು. ಪುಟದ ಅಂದಚಂದ ಮಾಡೋನಿಗೆ ಅದು ಕೈಗೆಟುಕದ ಮಾವಿನಕಾಯಿ.

1995 ಒಂದು ವಿಚಿತ್ರ ವರ್ಷ. ಅಲೇರ್ ಸಹೋದರರು ಕೋಲ್ಡ್‌ಫ್ಯೂಷನ್ ತಂದ್ರು, ರಾಸ್ಮಸ್ ಲರ್ಡಾರ್ಫ್ ಪಿಎಚ್‌ಪಿಯ ಮೊದಲ ರೂಪ ಹೊರಗೆ ಬಿಟ್ರು, ಮೈಕೆಲ್ ವಿಡೇನಿಯಸ್ ಮತ್ತು ಗೆಳೆಯರು ಮೈಎಸ್‌ಕ್ಯುಎಲ್ ಶುರು ಮಾಡಿದ್ರು. ಆ 'ಮೈ' ಅನ್ನೋದು ಇಂಗ್ಲಿಷಿನ 'ನನ್ನ' ಅಲ್ಲ, ವಿಡೇನಿಯಸ್ ಅವರ ಮಗಳ ಹೆಸರು. ಅದೇ ವರ್ಷ ವರ್ಮೀರ್ ಅನ್ನೋ ಸಣ್ಣ ಕಂಪನಿ ಫ್ರಂಟ್‌ಪೇಜ್ ಮಾರಾಟಕ್ಕಿಟ್ಟಿತು. 1996ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನ ಕೊಂಡುಕೊಂಡಿತು. ಅದೇ ವರ್ಷದ ಕೊನೆಗೆ ಎಎಸ್‌ಪಿ ಬಂತು. ಹೀಗೆ ಎರಡೇ ವರ್ಷದಲ್ಲಿ ಪುಟ ಬಿಡಿಸೋ ಸಾಫ್ಟ್‌ವೇರ್, ಪುಟದೊಳಗೆ ಕೋಡ್ ಬರೆಯೋ ಭಾಷೆ, ಕಾಸಿಲ್ಲದೆ ಸಿಗೋ ಡೇಟಾಬೇಸ್ ಮೂರೂ ಅಂಗಡಿಯಲ್ಲಿ ಇದ್ದವು. ಮೂರನ್ನೂ ಒಂದೇ ದಾರದಲ್ಲಿ ಪೋಣಿಸೋರು ಮಾತ್ರ ಬೇಕಿತ್ತು.

ಇದೇ ಹೊತ್ತಿಗೆ ಹೈದರಾಬಾದ್‌ನಲ್ಲಿ ಏನಾಗ್ತಿತ್ತು? 1998ರ ನವೆಂಬರ್‌ನಲ್ಲಿ ಪ್ರಧಾನಿ ವಾಜಪೇಯಿ ಸೈಬರ್ ಟವರ್ಸ್ ಉದ್ಘಾಟಿಸಿದ್ರು. ಎಲ್ಲರಿಗೂ ನೆನಪಿರೋದು ಅದೇ ದುಂಡನೆ ಕಟ್ಟಡ. ನನ್ನ ಲೆಕ್ಕದಲ್ಲಿ ಅದೇ ತಿಂಗಳು ಶುರುವಾದ ಇನ್ನೊಂದು ಕೆಲಸ ಹೆಚ್ಚು ದೊಡ್ಡದು. ಅದು ಆಸ್ತಿ ನೋಂದಣಿಯನ್ನ ಕಂಪ್ಯೂಟರ್‌ಗೆ ತಂದ 'ಕಾರ್ಡ್' ಯೋಜನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಿನಗಟ್ಟಲೆ ಹಿಡೀತಿದ್ದ ಕೆಲಸ ಗಂಟೆಯೊಳಗೆ ಮುಗಿಸೋ ಗುರಿ. 1999ರ ಡಿಸೆಂಬರ್‌ನಲ್ಲಿ ಬಂಜಾರಾ ಹಿಲ್ಸ್‌ನಲ್ಲಿ 'ಟ್ವಿನ್ಸ್' ಅಂತ ಒಂದು ಪ್ರಯೋಗ. ಕರೆಂಟ್ ಬಿಲ್ಲು, ನೀರಿನ ಬಿಲ್ಲು ಎಲ್ಲ ಒಂದೇ ಕೌಂಟರ್‌ನಲ್ಲಿ ಕಟ್ಟೋದು. ಅದು 2001ರ ಆಗಸ್ಟ್‌ನಲ್ಲಿ 'ಈ-ಸೇವಾ' ಆಯ್ತು. ಈ-ಸೇವಾದ ಒಳಗಿನ ರಚನೆ ಮೂರು ಹಂತದ್ದು. ಮುಂದೆ ಕೌಂಟರ್, ಮಧ್ಯೆ ಡೇಟಾ ಸೆಂಟರ್, ಹಿಂದೆ ಆಯಾ ಇಲಾಖೆಯ ಸರ್ವರ್. ಪರೀಕ್ಷೆಗೆ ಓದಿದ್ದು ನೆನಪಿರೋರಿಗೆ ಗೊತ್ತು, ತ್ರೀ-ಟಯರ್ ಅಂದ್ರೆ ಇದೇ. ಜನ ಬಿಲ್ಲು ಕಟ್ಟಿ ರಸೀದಿ ತಗೊಂಡು ಹೋಗ್ತಿದ್ರು. ಪರದೆಗೂ ಡೇಟಾಬೇಸ್‌ಗೂ ಇರೋ ನಂಟು ಸಾಮಾನ್ಯ ಮನುಷ್ಯನ ಕೈಗೆ ಬಂದದ್ದು ಹಾಗೆ.

ನಮ್ಮ ಕಡೆ 'ಭೂಮಿ' ಆದದ್ದೂ ಅದೇ ಸಮಯದಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕನ್ನಡದಲ್ಲೇ ಡೇಟಾಬೇಸ್ ಸೇರಿದವು. 15 ರೂಪಾಯಿ ಕೊಟ್ರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪ್ರಿಂಟ್. ನಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಆ ಸಾಲಿನಲ್ಲಿ ನಿಂತವರೇ. ಕನ್ನಡ ಡೇಟಾಬೇಸ್‌ನಲ್ಲಿ ಕೂರುತ್ತೆ ಅಂತ ದೊಡ್ಡ ಮಟ್ಟದಲ್ಲಿ ಸಾಬೀತು ಮಾಡಿದ್ದು ಯಾವ ಐಟಿ ಕಂಪನಿಯ ಉತ್ಪನ್ನವೂ ಅಲ್ಲ, ಹೊಲದ ಪಹಣಿ. ಇದು ನೆನಪಲ್ಲಿರಲಿ.

ಈಗ ಅಮೀರ್‌ಪೇಟೆ. ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್, ಬೆಂಗಳೂರು ಸುಮಾರು 700. ಬೀದರ್, ಕಲಬುರಗಿ, ರಾಯಚೂರಿನವರು ಓದೋಕೆ ಅಂತ ಹೈದರಾಬಾದ್‌ಗೆ ಬರೋದು ಐಟಿಯಿಂದ ಶುರುವಾದದ್ದಲ್ಲ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದವೇ. ತಾತನ ಕಾಲಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯ, ಮೊಮ್ಮಗನ ಕಾಲಕ್ಕೆ ಮೈತ್ರಿವನಂ ಪಕ್ಕದ ಗಲ್ಲಿ. ರೈಲು ಅದೇ, ಊಟದ ಬುತ್ತಿಯಲ್ಲಿ ಜೋಳದ ರೊಟ್ಟಿ ಅದೇ.

ಮೈತ್ರಿವನಂ, ಆದಿತ್ಯ ಎನ್‌ಕ್ಲೇವ್ ಸುತ್ತ ಗೋಡೆ ಕಾಣದ ಹಾಗೆ ಬೋರ್ಡು, ಬ್ಯಾನರು. ಒರಾಕಲ್, ಜಾವಾ, ಡಾಟ್‌ನೆಟ್, ಪಿಎಚ್‌ಪಿ. ಮೊದಲೆರಡು ದಿನ ಡೆಮೋ ಕ್ಲಾಸ್ ಪುಕ್ಕಟೆ. ಹಿಡಿಸಿದ್ರೆ ದುಡ್ಡು ಕಟ್ಟಿ. ಕೆಳಗಡೆ ಜೆರಾಕ್ಸ್ ಅಂಗಡಿಯಲ್ಲಿ ಅದೇ ಮೇಷ್ಟ್ರ ಕೈಬರಹದ ನೋಟ್ಸ್ ಸ್ಪೈರಲ್ ಬೈಂಡಿಂಗ್ ಮಾಡಿ ಮಾರ್ತಿದ್ರು. ಪಾಠ ಅರ್ಧ ಇಂಗ್ಲಿಷ್, ಅರ್ಧ ತೆಲುಗು. ಕನ್ನಡದ ಹುಡುಗರಿಗೆ ಒಂದು ಅನುಕೂಲ ಇತ್ತು. ತೆಲುಗು ಬೋರ್ಡನ್ನ ನಾವು ಎಳೆದುಕೊಂಡಾದ್ರೂ ಓದ್ತೀವಿ, ಲಿಪಿ ಅಣ್ಣತಮ್ಮ ಇದ್ದಂಗೆ. ಇಲ್ಲಿ ಒಂದು ತಮಾಷೆ ಹೇಳ್ತೀನಿ. ಯೂನಿಕೋಡ್‌ನಲ್ಲೂ ತೆಲುಗು, ಕನ್ನಡ ಅಕ್ಕಪಕ್ಕದ ಮನೆ. ತೆಲುಗಿನ 'ಕ' ಇರೋ ಸಂಖ್ಯೆಗೆ 128 ಕೂಡಿಸಿದ್ರೆ ಕನ್ನಡದ 'ಕ' ಸಿಗುತ್ತೆ. ಎರಡಕ್ಕೂ ಮೂಲ ಇಸ್ಕಿ ಅನ್ನೋ ಭಾರತೀಯ ಕೋಡ್, ಅದರಲ್ಲಿ ಎಲ್ಲ ಭಾರತೀಯ ಲಿಪಿಗೂ ಒಂದೇ ಜೋಡಣೆ ಇತ್ತು. ಹಾಗಾಗಿ ಒಂದು ಕೂಡೋ ಲೆಕ್ಕದಲ್ಲಿ ತೆಲುಗು ಬೋರ್ಡು ಬಹುಪಾಲು ಕನ್ನಡ ಬೋರ್ಡು ಆಗಿಬಿಡುತ್ತೆ.

ಸರಿ, ಆ ಬಟನ್‌ಗೆ ಬರೋಣ. ಡ್ರೀಮ್‌ವೀವರ್ ಮ್ಯಾಕ್ರೋಮೀಡಿಯಾದ್ದು, 1997ರ ಡಿಸೆಂಬರ್‌ನಲ್ಲಿ ಬಂತು. ಮೊದಲು ಅದಕ್ಕೆ ಡೇಟಾಬೇಸ್ ಗಂಧಗಾಳಿ ಇರಲಿಲ್ಲ. 1999ರಲ್ಲಿ ಮ್ಯಾಕ್ರೋಮೀಡಿಯಾ ಎಲಿಮೆಂಟಲ್ ಅನ್ನೋ ಕಂಪನಿಯ ಡ್ರಮ್‌ಬೀಟ್ ಅನ್ನೋ ಉತ್ಪನ್ನ ಕೊಂಡಿತು, ಅದರ ತಿರುಳು ತೆಗೆದು 2000ದಲ್ಲಿ 'ಡ್ರೀಮ್‌ವೀವರ್ ಅಲ್ಟ್ರಾಡೆವ್' ಮಾಡಿತು. ಅದರಲ್ಲಿ ಎಎಸ್‌ಪಿ, ಜೆಎಸ್‌ಪಿ, ಕೋಲ್ಡ್‌ಫ್ಯೂಷನ್ ಇತ್ತು, ಪಿಎಚ್‌ಪಿ ಇರಲಿಲ್ಲ. ಬಡವರ ಭಾಷೆ ಅಂತ ಬಿಟ್ಟಿದ್ರೋ ಏನೋ! ರುಮೇನಿಯಾದ ಇಂಟರ್‌ಆಕ್ಟ್ ಅನ್ನೋ ಕಂಪನಿ ಆ ಸಂದಿಗೆ ನುಗ್ಗಿ ಪಿಎಚ್‌ಪಿ ಸೇರಿಸೋ ಎಕ್ಸ್‌ಟೆನ್ಷನ್ ಕೊಟ್ಟಿತು. 2002ರ ಡ್ರೀಮ್‌ವೀವರ್ ಎಂಎಕ್ಸ್‌ನಲ್ಲಿ ಎರಡೂ ಉತ್ಪನ್ನ ಒಂದಾಗಿ ಪಿಎಚ್‌ಪಿ, ಮೈಎಸ್‌ಕ್ಯುಎಲ್ ಒಳಗೆ ಬಂದವು. ಅಮೀರ್‌ಪೇಟೆಗೆ ಬೇಕಿದ್ದದ್ದು ಇದೇ. ಒಂದು ಸಿಡಿಯಲ್ಲಿ ಡ್ರೀಮ್‌ವೀವರ್, ಇನ್ನೊಂದರಲ್ಲಿ ವ್ಯಾಂಪ್ ಅಥವಾ ಜ್ಯಾಂಪ್. ಮೂರು ತಿಂಗಳಲ್ಲಿ 'ಡೈನಾಮಿಕ್ ವೆಬ್‌ಸೈಟ್' ಮಾಡೋ ಹುಡುಗ ತಯಾರು.

ಇದು ಒಳಗೆ ಹೇಗೆ ಕೆಲಸ ಮಾಡ್ತಿತ್ತು ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನೂರಕ್ಕೆ ತೊಂಬತ್ತು ಜನ ಇದನ್ನ ತಪ್ಪಾಗಿ ತಿಳ್ಕೊಂಡಿದ್ರು ಅಂತ ನನ್ನ ಅಂದಾಜು. ಡ್ರೀಮ್‌ವೀವರ್ ಮೈಎಸ್‌ಕ್ಯುಎಲ್ ಜೊತೆ ನೇರವಾಗಿ ಮಾತಾಡ್ತಾನೇ ಇರಲಿಲ್ಲ! ಡೇಟಾಬೇಸ್ ಪ್ಯಾನೆಲ್ ತೆರೆದ್ರೆ ನಾಲ್ಕು ಹಂತದ ಪಟ್ಟಿ ಬರ್ತಿತ್ತು: ಸೈಟ್ ಮಾಡಿ, ಪುಟದ ಬಗೆ ಆರಿಸಿ, ಟೆಸ್ಟಿಂಗ್ ಸರ್ವರ್ ಕೊಡಿ, ಆಮೇಲೆ ಕೂಡಿಸು ಗುರುತು ಒತ್ತಿ. ಈ ಮೂರನೇ ಹಂತವೇ ಗುಟ್ಟು. ನೀವು 'ಟೆಸ್ಟ್' ಒತ್ತಿದ ಕೂಡಲೇ ಡ್ರೀಮ್‌ವೀವರ್ ನಿಮ್ಮ ಸೈಟಿನ ಫೋಲ್ಡರಿನಲ್ಲಿ 'ಎಂಎಂ ಸರ್ವರ್ ಸ್ಕ್ರಿಪ್ಟ್ಸ್' ಅನ್ನೋ ಒಂದು ಫೋಲ್ಡರ್ ಸದ್ದಿಲ್ಲದೆ ಇಡುತ್ತೆ. ಅದರಲ್ಲಿ ಒಂದು ಪಿಎಚ್‌ಪಿ ಫೈಲ್. ಆಮೇಲೆ ಬ್ರೌಸರ್ ಥರಾನೇ ಎಚ್‌ಟಿಟಿಪಿಯಲ್ಲಿ ಆ ಫೈಲನ್ನ ಕರೆದು, 'ಈ ಹೆಸರು, ಈ ಪಾಸ್‌ವರ್ಡ್ ಇಟ್ಕೊಂಡು ಡೇಟಾಬೇಸ್ ಹತ್ರ ಹೋಗಿ ಟೇಬಲ್‌ಗಳ ಪಟ್ಟಿ ತಗೊಂಡ್ಬಾ' ಅಂತ ಹೇಳುತ್ತೆ. ಆ ಸ್ಕ್ರಿಪ್ಟ್ ಹೋಗಿ ಬಂದು ಎಕ್ಸ್‌ಎಂಎಲ್‌ನಲ್ಲಿ ವರದಿ ಒಪ್ಪಿಸುತ್ತೆ. ಮದುವೆ ದಲ್ಲಾಳಿ ಇದ್ದಂಗೆ. ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ ಮುಖಾಮುಖಿ ಇಲ್ಲ.

ಇದು ಗೊತ್ತಾದ್ರೆ ಆಗಿನ ಕಾಲದ ಎರರ್‌ಗಳೆಲ್ಲ ಅರ್ಥ ಆಗ್ತವೆ. ಅತಿ ಹೆಚ್ಚು ಜನರನ್ನ ಅಳಿಸಿದ್ದು 404. ಡೇಟಾಬೇಸ್ ಕನೆಕ್ಷನ್ ಕೇಳಿದ್ರೆ 'ಫೈಲ್ ಸಿಗಲಿಲ್ಲ, ಟೆಸ್ಟಿಂಗ್ ಸರ್ವರ್ ಓಡ್ತಿಲ್ಲದೆ ಇರಬಹುದು' ಅನ್ನೋ ಉತ್ತರ. ಹುಡುಗರು ಮೈಎಸ್‌ಕ್ಯುಎಲ್ ತೆಗೆದು ಮತ್ತೆ ಹಾಕೋರು, ಪಾಸ್‌ವರ್ಡ್ ಬದಲಿಸೋರು. ಮೈಎಸ್‌ಕ್ಯುಎಲ್ ಪಾಪ ಏನೂ ಮಾಡಿರಲಿಲ್ಲ, ಅದರ ತನಕ ಯಾರೂ ಹೋಗೇ ಇರಲಿಲ್ಲ. ದಲ್ಲಾಳಿ ಫೈಲ್ ಇಟ್ಟ ಜಾಗಕ್ಕೂ, ಸೈಟ್ ಸೆಟ್ಟಿಂಗ್‌ನಲ್ಲಿ ಕೊಟ್ಟ ಯುಆರ್‌ಎಲ್‌ಗೂ ತಾಳೆ ಆಗ್ತಿರಲಿಲ್ಲ, ಅಷ್ಟೇ. ಇನ್ನು ಕೆಲವು ಸಲ ಅಪಾಚೆಯೇ ಎದ್ದಿರುತ್ತಿರಲಿಲ್ಲ. ಪೋರ್ಟ್ 80ರಲ್ಲಿ ಐಐಎಸ್ ಕೂತಿರೋದು, ಇಲ್ಲಾ ಸ್ಕೈಪ್ ಬಂದು ಕೂತಿರೋದು. ಊರಿಗೆ ಮಾತಾಡೋಕೆ ಹಾಕ್ಕೊಂಡ ಸ್ಕೈಪ್ ಕ್ಲಾಸಿನ ಪ್ರಾಜೆಕ್ಟ್ ನಿಲ್ಲಿಸೋದು ಅಂದ್ರೆ ನೋಡಿ!

ಎರಡನೇದು 1045, 'ಪ್ರವೇಶ ಇಲ್ಲ'. ಇದು ಬಂದ್ರೆ ನಿಜಕ್ಕೂ ಖುಷಿ ಪಡಬೇಕಿತ್ತು. ದಲ್ಲಾಳಿ ಮನೆ ಬಾಗಿಲ ತನಕ ಹೋಗಿದಾನೆ, ಒಳಗಿನವರು ಬೇಡ ಅಂದಿದಾರೆ ಅಂತ ಅರ್ಥ. ಮೂರನೇದು 2004ರ ಆಸುಪಾಸಿನ ತಲೆನೋವು. ಮೈಎಸ್‌ಕ್ಯುಎಲ್ 4.1ರಲ್ಲಿ ಪಾಸ್‌ವರ್ಡ್ ಗುಪ್ತವಾಗಿಡೋ ಕ್ರಮ ಬದಲಾಯ್ತು, ಹಳೇ ಪಿಎಚ್‌ಪಿಗೆ ಆ ಹೊಸ ಕ್ರಮ ತಿಳೀತಿರಲಿಲ್ಲ. ನಾಲ್ಕನೇದು ಎಲ್ಲಕ್ಕಿಂತ ಕೆಟ್ಟದ್ದು: 'ಗುರುತಿಸಲಾಗದ ದೋಷ ಸಂಭವಿಸಿದೆ'. ಮುಗೀತು, ಅಷ್ಟೇ ಹೇಳೋದು. ರಾಯಚೂರು ಕಡೆಯ ನನ್ನ ರೂಮ್‌ಮೇಟ್ ಒಬ್ಬ ಈ ಮೆಸೇಜ್ ನೋಡಿ ಹೇಳ್ತಿದ್ದ, 'ತಮ್ಮಾ, ಡಾಕ್ಟರ್ ಹತ್ರ ಹ್ವಾದ್ರ ಏನೋ ಆಗ್ಯದ ಅಂತ ಹೇಳಿ ಫೀ ತಗೊಂಡಂಗ್ ಆತಲ್ಲೋ ಇದು' ಅಂತ.

ಕನೆಕ್ಷನ್ ಆದ ಮೇಲೆ ಏನು ಸಿಗ್ತಿತ್ತು ಅಂದ್ರೆ ನಿಜಕ್ಕೂ ಮ್ಯಾಜಿಕ್. ರೆಕಾರ್ಡ್‌ಸೆಟ್ ಮಾಡಿ, ಕಾಲಂ ಹೆಸರನ್ನ ಎಳೆದು ಪುಟದ ಮೇಲೆ ಬಿಡಿ, 'ರಿಪೀಟ್ ರೀಜನ್' ಕೊಡಿ. ಪರದೆ ಮೇಲೆ ಮೀಸೆ ಬ್ರಾಕೆಟ್ಟಿನಲ್ಲಿ ಕಾಲಂ ಹೆಸರು ಕಾಣುತ್ತೆ, 'ಲೈವ್ ಡೇಟಾ' ಒತ್ತಿದ್ರೆ ಅದೇ ಜಾಗದಲ್ಲಿ ನಿಜವಾದ ಹೆಸರುಗಳು ಸಾಲಾಗಿ ಬಂದು ನಿಲ್ತವೆ. ಒಂದು ಸಾಲು ಕೋಡ್ ಬರೆಯದೆ! ಡಿಗ್ರಿ ಬಿಎಸ್ಸಿಯೋ ಬಿಕಾಮೋ ಆಗಿ, ಸಿ ಭಾಷೆಯ ಪಾಯಿಂಟರ್ ನೋಡಿ ಹೆದರಿ ಓಡಿದವರು ಕೂಡ ಇಲ್ಲಿ ನಿಂತ್ರು. 'ಅಮೀರ್‌ಪೇಟೆ ಎಂಜಿನಿಯರ್' ಅಂತ ನಮ್ಮಲ್ಲಿ ಒಂದು ವ್ಯಂಗ್ಯ ಇದೆ, ಎಂಟೆಕ್ ಮಾಡಿದೋರು ಅದನ್ನ ಸ್ವಲ್ಪ ಜಾಸ್ತಿನೇ ಆಡ್ತೀವಿ. ನನಗೆ ಆ ವ್ಯಂಗ್ಯ ಒಪ್ಪಿಗೆ ಇಲ್ಲ. ಎಂಟೆಕ್ ತರಗತಿಯಲ್ಲಿ ನಾರ್ಮಲ್ ಫಾರ್ಮ್‌ಗಳನ್ನ ಐದರ ತನಕ ಬಿಡಿಸಿದ ನಾವು ಎಷ್ಟೋ ಜನ, ಒಂದು ಕನೆಕ್ಷನ್ ಯಾಕೆ ಆಗ್ತಿಲ್ಲ ಅಂತ ಹುಡುಕೋದನ್ನ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಅಮೀರ್‌ಪೇಟೆಯವರಿಗೆ ಅದು ಮೊದಲ ವಾರದ ಪಾಠ.

ಆದ್ರೆ ಆ ಮ್ಯಾಜಿಕ್‌ನ ಹಿಂದಿನ ಕೋಡ್ ನೋಡಿದ್ರೆ ಗುಂಡಿಗೆ ನಡುಗುತ್ತೆ. 'ಕನೆಕ್ಷನ್ಸ್' ಅನ್ನೋ ಫೋಲ್ಡರಿನಲ್ಲಿ ಒಂದು ಪಿಎಚ್‌ಪಿ ಫೈಲ್. ಅದರಲ್ಲಿ ಹೋಸ್ಟ್, ಡೇಟಾಬೇಸ್, ಯೂಸರ್, ಪಾಸ್‌ವರ್ಡ್ ನಾಲ್ಕೂ ಬರೀ ಅಕ್ಷರದಲ್ಲಿ. ಬಹುತೇಕ ಕಡೆ ಯೂಸರ್ 'ರೂಟ್', ಪಾಸ್‌ವರ್ಡ್ ಖಾಲಿ, ಯಾಕಂದ್ರೆ ನೋಟ್ಸ್‌ನಲ್ಲಿ ಹಾಗೇ ಇತ್ತು. ಆ ದಲ್ಲಾಳಿ ಫೋಲ್ಡರ್ ಇದೆಯಲ್ಲ, ಅದನ್ನ ಲೈವ್ ಸರ್ವರ್‌ನಿಂದ ತೆಗೆಯೋಕೆ ಯಾರಿಗೂ ನೆನಪಾಗ್ತಿರಲಿಲ್ಲ. ನಿಮ್ಮ ಸಲುವಾಗಿ ಡೇಟಾಬೇಸ್ ಹತ್ರ ಹೋಗಿ ಬರೋ ಸ್ಕ್ರಿಪ್ಟ್ ಊರಿನವರ ಸಲುವಾಗಿಯೂ ಹೋಗಿ ಬರುತ್ತೆ. 2004ರಲ್ಲಿ ಮ್ಯಾಕ್ರೋಮೀಡಿಯಾನೇ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿ, ಆ ಸ್ಕ್ರಿಪ್ಟ್‌ಗಳನ್ನ ಲೈವ್ ಸರ್ವರ್‌ನಲ್ಲಿ ಬಿಡಬೇಡಿ ಅಂತು. ಎಷ್ಟು ಜನ ಕೇಳಿಸಿಕೊಂಡ್ರೋ. ಅದಕ್ಕೂ ಒಂದು ವರ್ಷ ಮುಂಚೆ, 2003ರ ಜನವರಿ 25ಕ್ಕೆ, ಎಸ್‌ಕ್ಯುಎಲ್ ಸ್ಲ್ಯಾಮರ್ ಅನ್ನೋ ಹುಳ ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್‌ನ ಪೋರ್ಟ್ 1434 ಹಿಡಿದು ಕೆಲವೇ ನಿಮಿಷದಲ್ಲಿ ಜಗತ್ತಿನ ಇಂಟರ್‌ನೆಟ್ಟನ್ನೇ ತೆವಳೋ ಹಾಗೆ ಮಾಡಿತ್ತು. ಡೇಟಾಬೇಸ್ ಬಾಗಿಲು ಬೀದಿಗೆ ತೆರೆದಿರಬಾರದು ಅನ್ನೋದು ನಮ್ಮ ಉದ್ಯಮಕ್ಕೆ ಬುದ್ಧಿಗೆ ಬಂದದ್ದು ಆಗ. ಇನ್‌ಜೆಕ್ಷನ್ ಬಗ್ಗೆ ಹೇಳೋದೇ ಬೇಡ, ಅದಕ್ಕೆ ಬೇರೆ ವಿಡಿಯೋ ಮಾಡ್ತೀನಿ.

ಈಗ ನಾನು ಮೊದಲೇ ಹೇಳಿದ ವಿಷಯ, ಕನ್ನಡ. ವೆಬ್‌ನಲ್ಲಿ ಕನ್ನಡ ಬೇಗನೇ ಬಂತು. 1996ರಲ್ಲೇ ಡಾ. ಯು.ಬಿ. ಪವನಜ ಅವರ 'ವಿಶ್ವಕನ್ನಡ' ಇತ್ತು. 1998ರಲ್ಲಿ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಆದ್ರೆ ಆಗಿನ ಬಹುಪಾಲು ಕನ್ನಡ ಫಾಂಟ್ ಆಟ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಚಿತ್ರವಾಗಿ ಕೂರಿಸೋದು. ಡೇಟಾಬೇಸ್‌ಗೆ ಇದು ಕನ್ನಡ ಅಂತ ಗೊತ್ತೇ ಇಲ್ಲ, ಯಾವುದೋ ಸ್ವೀಡನ್ ಭಾಷೆ ಅಂದ್ಕೊಂಡು ಇಟ್ಕೊಳ್ಳುತ್ತೆ. ಸ್ವೀಡನ್ ಅಂತ ತಮಾಷೆಗೆ ಹೇಳಿದ್ದಲ್ಲ. ಮೈಎಸ್‌ಕ್ಯುಎಲ್ ಕಂಪನಿ ಸ್ವೀಡನ್ನಿನದು, ಹಾಗಾಗಿ ಏನೂ ಹೇಳದೆ ಟೇಬಲ್ ಮಾಡಿದ್ರೆ ಅಕ್ಷರ ಹೋಲಿಸೋ ನಿಯಮ ಸ್ವೀಡಿಷ್. 2018ರಲ್ಲಿ 8.0 ಬರೋ ತನಕ ಡಿಫಾಲ್ಟ್ ಅದೇ. ಆ ನಿಯಮದ ಪ್ರಕಾರ ಮೇಲೆ ಗೀರು ಇರೋ 'ಎ'ಗೂ, ಇಲ್ಲದ 'ಎ'ಗೂ ವ್ಯತ್ಯಾಸ ಇಲ್ಲ. ಆದ್ರೆ ನಮ್ಮ ಫಾಂಟ್‌ನಲ್ಲಿ ಆ ಎರಡೂ ಜಾಗದಲ್ಲಿ ಬೇರೆ ಬೇರೆ ಕನ್ನಡದ ತುಂಡು ಕೂತಿರ್ತವೆ. ಒಂದು ಹೆಸರು ಹುಡುಕಿದ್ರೆ ಸಂಬಂಧವೇ ಇಲ್ಲದ ಇನ್ನೊಂದು ಹೆಸರು ಬರೋದು, ಎರಡು ಬೇರೆ ಹೆಸರಿಗೆ 'ಇದು ಆಗಲೇ ಇದೆ' ಅನ್ನೋದು, ಅಕಾರಾದಿಯಲ್ಲಿ ಜೋಡಿಸಿ ಅಂದ್ರೆ ಚೆಲ್ಲಾಪಿಲ್ಲಿ ಆಗೋದು, ಎಲ್ಲ ಇದರಿಂದಲೇ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದು ಯೂನಿಕೋಡ್ ಕನ್ನಡ ಮನೆಮನೆಗೆ ಸಿಕ್ಕಿತು. 2004ರ ಮೈಎಸ್‌ಕ್ಯುಎಲ್ 4.1ಕ್ಕೆ ಯುಟಿಎಫ್-8 ಬಂತು. ಕಷ್ಟ ಮುಗೀಬೇಕಿತ್ತು. ಮುಗೀಲಿಲ್ಲ, ಯಾಕಂದ್ರೆ ಮಧ್ಯೆ ನಮ್ಮ ವಿಝಾರ್ಡ್ ಬರೆದ ಕನೆಕ್ಷನ್ ಫೈಲ್ ಇತ್ತು. ಪುಟ ಯುಟಿಎಫ್-8, ಟೇಬಲ್ ಬೇಕಾದ್ರೂ ಯುಟಿಎಫ್-8 ಮಾಡಿದ್ದೀರಿ, ಆದ್ರೆ ಆ ಫೈಲ್ ಕನೆಕ್ಷನ್ ತೆರೆದ ಮೇಲೆ 'ನಾವು ಮಾತಾಡ್ತಿರೋದು ಯುಟಿಎಫ್-8ನಲ್ಲಿ' ಅಂತ ಹೇಳೋ ಒಂದು ಸಾಲು ಬರೀತಿರಲಿಲ್ಲ. 'ಸೆಟ್ ನೇಮ್ಸ್' ಅನ್ನೋ ಒಂದೇ ಸಾಲು. ಅದಿಲ್ಲದಿದ್ರೆ ಮೈಎಸ್‌ಕ್ಯುಎಲ್ ಬರೋದನ್ನೆಲ್ಲ ಲ್ಯಾಟಿನ್ ಅಂದ್ಕೊಳ್ಳುತ್ತೆ. ನಮ್ಮ 'ಕ' ಯುಟಿಎಫ್-8ನಲ್ಲಿ ಮೂರು ಬೈಟ್. ಅದನ್ನ ಲ್ಯಾಟಿನ್ ಅಂತ ಓದಿದ್ರೆ ಮೇಲೊಂದು ಗೀರಿರೋ 'ಎ', ಆಮೇಲೆ ಪುಟ್ಟ 'ಎರಡು', ಆಮೇಲೊಂದು ದಪ್ಪ ಚುಕ್ಕೆ. ಹಳೇ ಕನ್ನಡ ಸೈಟುಗಳಲ್ಲಿ ಗೀರಿರೋ 'ಎ'ಗಳ ಸಾಲು ನೋಡಿದ್ದರೆ, ಅದು ಕನ್ನಡವೇ, ವೇಷ ಹಾಕ್ಕೊಂಡಿದೆ.

ಇದರಲ್ಲಿ ಮೋಸ ಏನಂದ್ರೆ, ಬರೆಯುವಾಗಲೂ ಓದುವಾಗಲೂ ಅದೇ ತಪ್ಪು ಕನೆಕ್ಷನ್ ಬಳಸಿದ್ರೆ ಎರಡು ತಪ್ಪು ಸೇರಿ ಪರದೆ ಮೇಲೆ ಸರಿಯಾದ ಕನ್ನಡ ಬರುತ್ತೆ! ವರ್ಷಗಟ್ಟಲೆ ಯಾರಿಗೂ ಏನೂ ಗೊತ್ತಾಗಲ್ಲ. ಹೊಸ ಹೋಸ್ಟಿಂಗ್‌ಗೆ ಹೋದ ದಿನ, ಅಥವಾ ಯಾರೋ ಬುದ್ಧಿವಂತರು ಬಂದು ಆ ಬಿಟ್ಟ ಸಾಲನ್ನ ಸೇರಿಸಿದ ದಿನ, ಎಲ್ಲ ಒಡೆಯುತ್ತೆ. ಸರಿ ಮಾಡಿದವರ ಮೇಲೇ ಅಪವಾದ ಬರೋದು. ಕಾಲಂ ಉದ್ದದ್ದು ಇನ್ನೊಂದು ಗೋಳು. 4.1ಕ್ಕೆ ಮುಂಚೆ ಕಾಲಂ ಅಳತೆ ಬೈಟ್‌ನಲ್ಲಿ. 'ಲಕ್ಷ್ಮಿ' ಬಾಯಲ್ಲಿ ಎರಡೇ ಅಕ್ಷರ, ಯೂನಿಕೋಡ್‌ನಲ್ಲಿ ಏಳು ಸಂಕೇತ, ಯುಟಿಎಫ್-8ನಲ್ಲಿ 21 ಬೈಟ್. ಹೆಸರಿಗೆ 20 ಅಂತ ಅಳತೆ ಕೊಟ್ಟಿದ್ರೆ ಲಕ್ಷ್ಮಿಯ ಬಾಲವೇ ಕತ್ತರಿಸಿ ಹೋಗ್ತಿತ್ತು, 'ಲಕ್ಷ್ಮೀನಾರಾಯಣ'ನ ಗತಿ ನೀವೇ ಊಹಿಸಿ.

ಕೊನೆ ಬೇಗ ಬಂತು. 2005ರ ಡಿಸೆಂಬರ್‌ನಲ್ಲಿ ಮ್ಯಾಕ್ರೋಮೀಡಿಯಾ ಅಡೋಬಿ ಪಾಲಾಯ್ತು. ಮೈಎಸ್‌ಕ್ಯುಎಲ್ 2008ರಲ್ಲಿ ಸನ್‌ಗೆ, 2010ರಲ್ಲಿ ಸನ್ ಜೊತೆ ಒರಾಕಲ್‌ಗೆ ಹೋಯ್ತು. ವರ್ಡ್‌ಪ್ರೆಸ್, ಡ್ರೂಪಲ್ ಬಂದ ಮೇಲೆ ಸಣ್ಣ ಸೈಟಿಗೆ ವಿಝಾರ್ಡ್ ಬೇಕಿರಲಿಲ್ಲ. 2013ರ ಡ್ರೀಮ್‌ವೀವರ್ ಸಿಸಿಯಲ್ಲಿ ಡೇಟಾಬೇಸ್ ಪ್ಯಾನೆಲ್ ಪೆಟ್ಟಿಗೆಯಿಂದ ಹೊರಗೆ ಬಿತ್ತು. ಅದೇ ವರ್ಷ ಪಿಎಚ್‌ಪಿ 5.5, ಡ್ರೀಮ್‌ವೀವರ್ ಬಳಸ್ತಿದ್ದ ಹಳೇ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳನ್ನ 'ಇನ್ನು ಬಳಸಬೇಡಿ' ಪಟ್ಟಿಗೆ ಸೇರಿಸಿತು. 2015ರ ಡಿಸೆಂಬರ್‌ನ ಪಿಎಚ್‌ಪಿ 7ರಲ್ಲಿ ಅವು ಇಲ್ಲವೇ ಇಲ್ಲ. ವಿಝಾರ್ಡ್ ಬರೆದ ಒಂದೊಂದು ಪುಟವೂ ಆ ದಿನ ಸತ್ತಿತು ಅಂತಲೇ ಲೆಕ್ಕ. ಅಮೀರ್‌ಪೇಟೆ ಬೋರ್ಡುಗಳು ಬದಲಾದವು, ಆಂಗುಲರ್, ಡೆವ್‌ಆಪ್ಸ್, ಈಗ ಎಐ. ಆ ಬೋರ್ಡುಗಳ ಮಧ್ಯೆಯೇ 2017ರಲ್ಲಿ ಮೆಟ್ರೋ ನಿಲ್ದಾಣ ಬಂತು.

ಸತ್ತ ಪುಟಗಳಲ್ಲಿ ನಮ್ಮವೂ ಇದ್ದವು. ಸಂಘಗಳ ಸದಸ್ಯರ ಪಟ್ಟಿ, ರಾಜ್ಯೋತ್ಸವ ಸಂಚಿಕೆಗಳು, ಅನಿವಾಸಿ ಕನ್ನಡಿಗರು ಬರೆದ ಕಥೆ, ಪ್ರವಾಸ ಕಥನ. ಮಾಡಿಕೊಟ್ಟ ಹುಡುಗ ಅಮೆರಿಕಕ್ಕೋ ಪುಣೆಗೋ ಹೋಗಿಯಾಗಿದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಹೋಸ್ಟಿಂಗ್ ದುಡ್ಡು ಮಾತ್ರ ಯಾರೋ ಒಬ್ಬ ಹಿರಿಯರು ಅಭ್ಯಾಸಬಲದಿಂದ ವರ್ಷವರ್ಷ ಕಟ್ಟುತ್ತಿದ್ದಾರೆ. ಅವರು ಕಟ್ಟೋದು ನಿಲ್ಲಿಸಿದ ವರ್ಷ ಎಲ್ಲ ಹೋಗುತ್ತೆ. ಇಂಥ ಎರಡು ಡೇಟಾಬೇಸ್ ನಾನು ಈಚೆಗೆ ಬಿಚ್ಚಿ ನೋಡಿದೆ. ಒಂದರಲ್ಲಿ ಪೂರ್ತಿ ಕನ್ನಡ ವಾಪಸ್ ಬಂತು. ಇನ್ನೊಂದರಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ.

ಈ ಎರಡರ ವ್ಯತ್ಯಾಸ ಗೊತ್ತಿರಲಿ. ಗೀರಿರೋ 'ಎ' ಕಂಡ್ರೆ ಹೆದರಬೇಡಿ, ಬೈಟ್‌ಗಳು ಜೋಪಾನವಾಗಿವೆ. ಪ್ರಶ್ನಾರ್ಥಕ ಚಿಹ್ನೆಗಳೇ ಟೇಬಲ್‌ನೊಳಗೆ ಬರೆದುಹೋಗಿದ್ದರೆ ಅಲ್ಲಿ ಕನ್ನಡ ಉಳಿದಿಲ್ಲ. ಕನ್ನಡವನ್ನ ಲ್ಯಾಟಿನ್‌ಗೆ ತುರುಕೋಕೆ ಹೋಗಿ ಜಾಗ ಸಿಗದೆ ಮೈಎಸ್‌ಕ್ಯುಎಲ್ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನೆ ಹಾಕಿ ಕೈತೊಳೆದಿರುತ್ತೆ. ಅದನ್ನ ಯಾವ ಎಐ ಕೂಡ ವಾಪಸ್ ತರಲ್ಲ, ಹಳೇ ಬ್ಯಾಕಪ್ ಸಿಕ್ಕಿದ್ರೆ ಮಾತ್ರ ಉಂಟು.

ಹಾಗಾಗಿ ಯಾರಾದ್ರೂ ಹಿರಿಯರು 'ನಮ್ಮ ಸಂಘದ ಹಳೇ ಸೈಟ್ ಸ್ವಲ್ಪ ನೋಡಪ್ಪಾ' ಅಂತ ನಿಮ್ಮ ಕೈಗೆ ಕೊಟ್ರೆ, ಮೊದಲು ಇದ್ದದ್ದನ್ನ ಇದ್ದಂಗೇ ಎರಡು ಪ್ರತಿ ಡಂಪ್ ತೆಗೆದಿಡಿ, ಡಂಪ್ ತೆಗೆಯುವಾಗ ಅಕ್ಷರ ಸೆಟ್ ಲ್ಯಾಟಿನ್-1 ಅಂತಲೇ ಕೊಡಿ. ಟೇಬಲ್ಲನ್ನ ನೇರವಾಗಿ ಯುಟಿಎಫ್-8ಗೆ 'ಕನ್ವರ್ಟ್' ಮಾಡೋಕೆ ಹೋಗಬೇಡಿ, ಅದು ವೇಷಕ್ಕೇ ಇನ್ನೊಂದು ವೇಷ ಹಾಕುತ್ತೆ. ಟೆಕ್ಸ್ಟ್ ಕಾಲಂಗಳನ್ನ ಮೊದಲು ಬ್ಲಾಬ್ ಮಾಡಿ. ಆಗ ಮೈಎಸ್‌ಕ್ಯುಎಲ್ ಅದು ಅಕ್ಷರ ಅನ್ನೋದನ್ನೇ ಮರೆತು ಬರೀ ಬೈಟ್ ಅಂತ ಇಟ್ಕೊಳ್ಳುತ್ತೆ. ಆಮೇಲೆ ಅದೇ ಕಾಲಂ ಅನ್ನ ಯುಟಿಎಫ್-8 ಎಂಬಿ4 ಟೆಕ್ಸ್ಟ್ ಅಂತ ಬದಲಿಸಿ. ಬೈಟ್ ಒಂದೂ ಅಲುಗಾಡಿರಲ್ಲ, ಹೆಸರು ಮಾತ್ರ ಸರಿಹೋಗಿರುತ್ತೆ. ಕನೆಕ್ಷನ್ ತೆರೆಯೋ ಜಾಗದಲ್ಲಿ ಅಕ್ಷರ ಸೆಟ್ ಹೇಳೋ ಆ ಒಂದು ಸಾಲು ಸೇರಿಸಿ, ಹಳೇ ಫಂಕ್ಷನ್‌ಗಳ ಬದಲು ಪಿಡಿಒ ಹಾಕಿ, 'ಎಂಎಂ ಸರ್ವರ್ ಸ್ಕ್ರಿಪ್ಟ್ಸ್' ಫೋಲ್ಡರ್ ಕಂಡ್ರೆ ಆ ಕ್ಷಣವೇ ಅಳಿಸಿ. ನುಡಿ ಫಾಂಟ್ ಕಾಲದ ಡೇಟಾ ಆಗಿದ್ರೆ ಈ ದಾರಿ ಸಾಲಲ್ಲ, ಅದಕ್ಕೆ ಮೊದಲು ಫಾಂಟ್ ಕೋಡ್‌ನಿಂದ ಯೂನಿಕೋಡ್‌ಗೆ ಪರಿವರ್ತನೆ ಬೇಕು. ಅದನ್ನ ಮುಂದಿನ ವಿಡಿಯೋದಲ್ಲಿ ಪರದೆ ಮೇಲೆ ಮಾಡಿ ತೋರಿಸ್ತೀನಿ.